ಹೊಲಿಗೆ ಕೋಣೆಗೆ ಯಾವ ನೆಲ? ಕರಾವಳಿ ಮತ್ತು ಘಟ್ಟದ ಮೇಲಿನ ಮನೆಗಳಿಗೆ

ಹೊಲಿಗೆಗೆ ಅಂತ ಒಂದು ಕೋಣೆ ಮಾಡಿಕೊಳ್ಳುವಾಗ ಮಿಷನ್ ಯಾವುದು, ಲೈಟ್ ಎಲ್ಲಿ, ಬಟ್ಟೆಯ ಕಪಾಟು ಎಷ್ಟು ದೊಡ್ಡದು ಅಂತ ಎಲ್ಲರೂ ಯೋಚನೆ ಮಾಡುತ್ತಾರೆ. ನೆಲದ ಸುದ್ದಿ ಕೊನೆಗೆ. ಅದೂ ಅಂಗಡಿಯವರು "ಈಗ ಇದೇ ಓಡ್ತಾ ಇದೆ" ಅಂದ ಟೈಲ್ಸ್ ತಂದು ಹಾಕಿಸಿಬಿಡುವುದೇ ಜಾಸ್ತಿ. ಆದರೆ ಕೌದಿ ಹೊಲಿಯುವವರಿಗೆ ನೆಲವೇ ಮೇಜು. ಡಬಲ್ ಮಂಚದ ಕೌದಿ ಹರಡುವಷ್ಟು ದೊಡ್ಡ ಮೇಜು ಯಾರ ಮನೆಯಲ್ಲಿದೆ ಹೇಳಿ? ಹಾಸುವುದು, ಅಳೆಯುವುದು, ಪಿನ್ನು ಹಾಕುವುದು, ಕಂಬಳಿ ಮಡಚಿಟ್ಟು ಇಸ್ತ್ರಿ ಮಾಡುವುದು ಎಲ್ಲವೂ ಕೆಳಗೇ. ಮೇಲಾಗಿ ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು. ಬಿದ್ದ ಸೂಜಿ ಕಣ್ಣಿಗೆ ಸಿಗದಿದ್ದರೆ ಕಾಲಿಗೆ ಸಿಗುತ್ತದೆ.

ಇದಕ್ಕೆ ನಮ್ಮ ಮಳೆ ಸೇರಿಸಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಚಂದ ಕಂಡ ನೆಲ ಕಾರವಾರದ ಕೋಡಿಬಾಗದಲ್ಲಿ ಒಂದು ಮಳೆಗಾಲಕ್ಕೇ ಉಬ್ಬಿ ನಿಲ್ಲಬಹುದು. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೆಲ ಗಟ್ಟಿಯಾಗಿರಲಿ, ನಯವಾಗಿರಲಿ, ಒಂದೇ ಬಣ್ಣದ್ದಾಗಿರಲಿ. ಮೆತ್ತಗೆ ಬೇಕಾದದ್ದನ್ನು ಮೇಲೆ ಹಾಸಿಕೊಳ್ಳಿ, ಬೇಕಾದಾಗ ಎತ್ತಿ ಒಣಗಿಸುವ ಹಾಗೆ.

ಮೊದಲು: ನೀವು ಹೇಗೆ ಹೊಲಿಯುತ್ತೀರಿ?

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದ್ದರೆ ಗೊತ್ತಿರುತ್ತದೆ. ಕೆಳಗೆ ಹಳೇ ಸೀರೆ, ಅದರ ಮೇಲೆ ತುಂಡು ಬಟ್ಟೆ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ದಾರ ಓಡಿಸುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ 'ಫೂಲ' ಇಡುತ್ತಾರೆ. ತುಂಡುಗಳನ್ನು ಹೊಂದಿಸುತ್ತ, ಅಂಚು ಒಳಗೆ ಮಡಚುತ್ತ ಹೋಗುವುದರಿಂದ ಇಡೀ ಕೌದಿಗೆ ಒಮ್ಮೆಲೇ ಪಿನ್ನು ಹಾಕುವ ಕೆಲಸವೇ ಇಲ್ಲ. ನೀವೂ ಹಾಗೆ ಕೈಹೊಲಿಗೆಯವರಾದರೆ ಹೊಸ ನೆಲಕ್ಕೆ ದುಡ್ಡು ಸುರಿಯಬೇಡಿ. ಗುಡಿಸಿದರೆ ಸ್ವಚ್ಛವಾಗುವ, ದಾರ ಸಿಕ್ಕಿಕೊಳ್ಳದ ಯಾವ ನೆಲವಾದರೂ ಸಾಕು, ಮೇಲೊಂದು ಚಾಪೆ.

ಮಿಷನ್ನಿನಲ್ಲಿ ಹೊಲಿಯುವವರ ಲೆಕ್ಕ ಬೇರೆ. ಅವರು ಮೂರು ಪದರ ಒಟ್ಟಿಗೆ ಹಾಸಬೇಕು. ಕೆಳಗಿನ ಬಟ್ಟೆ, ನಡುವೆ ಹತ್ತಿಯ ಪದರ, ಮೇಲೆ ಜೋಡಿಸಿದ ತುಂಡುಗಳು. ಸುಕ್ಕಿಲ್ಲದೆ ಎಳೆದು ಪಿನ್ನು ಹಾಕಿದ ಮೇಲೇ ಮಿಷನ್ನಿಗೆ. 90-100 ಇಂಚಿನ ಕೌದಿಗೆ ಕೆಳಗಿನ ಬಟ್ಟೆ ಸುತ್ತಲೂ ನಾಲ್ಕು ಇಂಚು ಜಾಸ್ತಿ ಇಟ್ಟುಕೊಂಡರೆ 98-108 ಇಂಚು ಆಯಿತು, ಅಂದರೆ ಎಂಟು ಅಡಿ ಎರಡು ಇಂಚು ಅಗಲ, ಒಂಬತ್ತು ಅಡಿ ಉದ್ದ. ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಒಂದು ಕಪಾಟು, ಒಂದು ಮಿಷನ್ ಇಟ್ಟರೆ ಈ ಜಾಗ ಉಳಿಯುವುದೇ ಇಲ್ಲ. ಆಗ ಹಾಲಿನಲ್ಲಿ ಅರ್ಧ, ಕೋಣೆಯಲ್ಲಿ ಅರ್ಧ ಹರಡಬೇಕಾಗುತ್ತದೆ. ಅದಕ್ಕೇ ಹೇಳುವುದು, ಹೊಲಿಗೆ ಕೋಣೆಗೂ ಹಾಲಿಗೂ ನಡುವೆ ಹೊಸ್ತಿಲು ಎತ್ತಿಸಬೇಡಿ, ಎರಡೂ ಕಡೆ ನೆಲ ಒಂದೇ ಮಟ್ಟಕ್ಕೆ ಬರಲಿ. ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿಗೆ ಈ ಮಾತು ಹೇಳಿ.

ಎರಡನೆಯದು: ತೇವ ಎಲ್ಲಿಂದ ಬರುತ್ತದೆ ಪತ್ತೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನೆಲ ಒದ್ದೆಯಾಗುವುದಕ್ಕೆ ಎರಡು ಕಾರಣ ಇವೆ, ಎರಡಕ್ಕೂ ಮದ್ದು ಬೇರೆ ಬೇರೆ.

ಒಂದು ಪಾಲಿಥೀನ್ ಹಾಳೆ ತಗೊಳ್ಳಿ, ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ. ನೆಲ ಒರೆಸಿ ಒಣಗಿಸಿ, ಹಾಳೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಕೋಣೆಯ ನಡುವೆ ಒಂದು, ಹೊರಗಿನ ಗೋಡೆಯ ಬುಡದಲ್ಲಿ ಒಂದು. ಬೇಸಿಗೆಯಲ್ಲಿ ಮಾಡಿದರೆ ಎಲ್ಲ ನೆಲವೂ ಪಾಸೇ. ಜೂನ್-ಜುಲೈಯಲ್ಲಿ ಮಾಡಿ. ಮರುದಿನ ಹಾಳೆ ಎತ್ತಿದಾಗ ಅಡಿಭಾಗದಲ್ಲಿ ಹನಿ ಇದ್ದರೆ, ನೆಲದ ಬಣ್ಣ ಕಪ್ಪಾಗಿದ್ದರೆ, ತೇವ ಮಣ್ಣಿನಿಂದ ಮೇಲೆ ಬರುತ್ತಿದೆ. ಹಾಳೆಯ ಮೇಲ್ಭಾಗ ಒದ್ದೆಯಾಗಿ ಅಡಿ ಒಣಗಿದ್ದರೆ ಅದು ಗಾಳಿಯ ತೇವ.

ಗಾಳಿಯ ತೇವ ಅಂದರೆ ನಾವು "ನೆಲ ಬೆವರುತ್ತದೆ" ಅನ್ನುತ್ತೇವಲ್ಲ, ಅದು. ಹೊರಗಿನ ಬಿಸಿ ಒದ್ದೆ ಗಾಳಿ ಒಳಗೆ ಬಂದು ತಣ್ಣಗಿನ ಕಲ್ಲು, ಟೈಲ್ಸ್ ಮುಟ್ಟಿದ ಕೂಡಲೇ ನೀರಾಗುತ್ತದೆ. "ಅಕ್ಕಾ, ಈಗಷ್ಟೇ ಒರೆಸಿದ್ದೆ, ಮತ್ತೆ ಒದ್ದೆಯಾಯ್ತು ನೋಡು" ಅನ್ನುವವರು ಮತ್ತೆ ಮತ್ತೆ ಒರೆಸಿ ಪ್ರಯೋಜನ ಇಲ್ಲ. ಗಾಳಿ ಬರಲಿ ಅಂತ ಕಿಟಕಿ ತೆರೆದಿಡುತ್ತೇವೆ, ಅದರಿಂದಲೇ ತೊಂದರೆ ಹೆಚ್ಚುತ್ತದೆ. ಅಂಥ ದಿನ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ನೆಲ ಕಿತ್ತು ಬೇರೆ ಹಾಕಿಸುವ ಅಗತ್ಯ ಇಲ್ಲ.

ಮಣ್ಣಿನ ತೇವವಾದರೆ ಮೊದಲು ಹೊರಗೆ ಹೋಗಿ ನೋಡಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯಾ? ಅಂಗಳದ ಇಳಿಜಾರು ಮನೆಯ ಕಡೆಗಿದೆಯಾ? ಎಷ್ಟೋ ಸಲ ಒಂದು ದೋಣಿ ಪೈಪ್ ಹಾಕಿ, ಒಂದು ಕಾಲುವೆ ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ನದಿ ಬದಿ, ಗದ್ದೆ ಬದಿ, ಸಮುದ್ರದ ಪಕ್ಕದ ತಗ್ಗು ಜಾಗಗಳಲ್ಲಿ ಇಷ್ಟಕ್ಕೇ ನಿಲ್ಲದು. ಅಲ್ಲಿ ಹಳೇ ನೆಲ ತೆಗೆಸಿ, ದಪ್ಪ ಪಾಲಿಥೀನ್ ಹಾಸಿ, ಅದರ ಮೇಲೆ ಕಾಂಕ್ರೀಟ್ ಹಾಕಿಸಿ, ಆಮೇಲೆ ಟೈಲ್ಸೋ ಮತ್ತೊಂದೋ. ಖರ್ಚಿನ ಕೆಲಸ ಹೌದು, ಆದರೆ ಇದನ್ನು ಮಾಡದೆ ಮೇಲೆ ಏನು ಹಾಕಿದರೂ ಅದರ ಅಡಿಯಲ್ಲಿ ಬೂಷ್ಟು ಬಂದು, ಕೋಣೆಯಲ್ಲಿಟ್ಟ ಬಟ್ಟೆಗೆಲ್ಲ ಆ ಮುಗ್ಗಲು ವಾಸನೆ ಹತ್ತುತ್ತದೆ.

ಮೂರನೆಯದು: ಮಟ್ಟ ಮತ್ತು ನೇರ

ನೆಲ ಸಮ ಇಲ್ಲದಿದ್ದರೆ ಮಿಷನ್ ಕುಣಿಯುತ್ತದೆ. ಕಾಲು ಮಿಷನ್ನಿನ ಕಬ್ಬಿಣದ ಸ್ಟ್ಯಾಂಡಿಗೆ ಇರುವುದು ನಾಲ್ಕೇ ಪಾದ, ಒಂದು ಎತ್ತಿದರೂ ಮೆಟ್ಟಿದಾಗಲೆಲ್ಲ ಟಕ್ ಟಕ್. ಮೇಸ್ತ್ರಿಯ ಹತ್ತಿರ ಇರುವ ನೇರ ಪಟ್ಟಿಯನ್ನು ನೆಲಕ್ಕೆ ಅಡ್ಡ ಇಟ್ಟು ಅಡಿಯಲ್ಲಿ ಬೆಳಕು ಎಲ್ಲಿ ಕಾಣುತ್ತದೆ ನೋಡಿ. ಹತ್ತು ಅಡಿಯಲ್ಲಿ 5 ಮಿ.ಮೀ.ಗಿಂತ ಹೆಚ್ಚು ತಗ್ಗಿದ್ದರೆ ಸರಿ ಮಾಡಿಸಿ. ಹಲಗೆಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ನೆಲಕ್ಕಂತೂ ಇದು ತೀರಾ ಮುಖ್ಯ, ತಗ್ಗಿನ ಮೇಲೆ ಕಾಲಿಟ್ಟಾಗಲೆಲ್ಲ ಕೊಂಡಿ ಸಡಿಲವಾಗುತ್ತದೆ.

ಟೈಲ್ಸ್ ಹಾಕಿಸುವವರಿಗೆ ಒಂದು ಲಾಭ ಇದೆ, ಯಾರೂ ಹೇಳುವುದಿಲ್ಲ. ಟೈಲ್ಸಿನ ಗೆರೆಗಳನ್ನೇ ಹಿಡಿದು ಕೌದಿಯ ಮೂಲೆ ನೇರ ಇದೆಯಾ ಅಂತ ನೋಡಿಕೊಳ್ಳಬಹುದು. ಆದರೆ ಗೆರೆಯೇ ವಾರೆ ಇದ್ದರೆ ಕೌದಿಯೂ ವಾರೆ. ಹಾಕುವ ಮೊದಲು ಒಂದು ಮೂಲೆಯಿಂದ ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುತ್ತದಾ ಅಳೆಯಿರಿ. ಬಂದರೆ ಮೂಲೆ ಸರಿ. ಹಳೇ ಚಿರೆಕಲ್ಲಿನ ಮನೆಗಳಲ್ಲಿ ಬರುವುದು ಕಷ್ಟ. ಅಲ್ಲಿ ಗೋಡೆ ನಂಬಬೇಡಿ, ಕೋಣೆಯ ನಡುವೆ ದಾರ ಹಿಡಿದು ಅಲ್ಲಿಂದ ಶುರು ಮಾಡಲು ಹೇಳಿ. ಇನ್ನೊಂದು ಮಾತು: ಗೆರೆಯನ್ನು ಅಳತೆಗೆ ಬಳಸಬೇಡಿ. ಎರಡಡಿ ಟೈಲ್ ಅಂತ ಕರೆಯುವುದು ನಿಜವಾಗಿ 600 ಮಿ.ಮೀ., ಅಂದರೆ 23.6 ಇಂಚು. ನಾಲ್ಕು ಟೈಲ್ ಅಂದರೆ ಎಂಟು ಅಡಿ ಅಂದುಕೊಂಡು ಬಟ್ಟೆ ಕತ್ತರಿಸಿದರೆ ಒಂದು ಇಂಚಿಗಿಂತ ಜಾಸ್ತಿ ಕಡಿಮೆಯಾಗುತ್ತದೆ.

ನಾಲ್ಕನೆಯದು: ಸೂಜಿ ಬೀಳಿಸಿ ನೋಡಿ

ಅಂಗಡಿಗೆ ಹೋಗುವಾಗ ಪರ್ಸಿನಲ್ಲಿ ಒಂದು ಹೊಲಿಗೆ ಸೂಜಿ, ಒಂದು ಗುಂಡುಸೂಜಿ, ಒಂದು ಬಿಳಿ ದಾರ, ಒಂದು ಕಪ್ಪು ದಾರ ಇಟ್ಟುಕೊಳ್ಳಿ. ಇಷ್ಟವಾದ ಟೈಲ್ಸ್ ನೆಲಕ್ಕಿಡಿಸಿ, ಅದರ ಮೇಲೆ ಎಲ್ಲ ಹಾಕಿ, ನಿಂತು ನೋಡಿ. ಚುಕ್ಕಿ ಚುಕ್ಕಿ ಮೊಸಾಯಿಕ್, ಮರದ ಗೆರೆಯ ವಿನ್ಯಾಸ, ಗ್ರಾನೈಟಿನ ಬೂದು-ಕಪ್ಪು ಮಿಶ್ರಣ, ಇವುಗಳ ಮೇಲೆ ಸೂಜಿ ಮಾಯ. ತಿಳಿ ಬಾದಾಮಿ, ತಿಳಿ ಹಸಿರು, ಮಾಸಲು ಹಳದಿಯಂಥ ಒಂದೇ ಬಣ್ಣದ ಮೇಲೆ ಕಾಣುತ್ತದೆ. ಅಪ್ಪಟ ಬಿಳಿ ಬೇಡ, ಲೈಟ್ ಹಾಕಿದರೆ ಸೂಜಿಯೂ ನೆಲವೂ ಒಟ್ಟಿಗೆ ಹೊಳೆಯುತ್ತವೆ. ಮ್ಯಾಟ್ ಫಿನಿಶ್, ಅಂದರೆ ಹೊಳಪಿಲ್ಲದ್ದು, ತಗೊಳ್ಳಿ. ಗ್ಲಾಸಿ ಟೈಲ್ಸ್ ಮೇಲೆ ಮಳೆಗಾಲದಲ್ಲಿ ಜಾರುವುದು ಒಂದು ಕಡೆ, ಮಿಷನ್ ಮೆಟ್ಟುವಾಗ ಸ್ಟ್ಯಾಂಡೇ ಹಿಂದೆ ಸರಿಯುವುದು ಇನ್ನೊಂದು ಕಡೆ.

ಸಂದಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅಗಲವಾದ, ಆಳವಾದ ಸಂದಿಯಲ್ಲಿ ಸೂಜಿ ಉದ್ದಕ್ಕೆ ಮಲಗಿಬಿಟ್ಟರೆ ಕಸಬರಿಗೆಗೂ ಸಿಗುವುದಿಲ್ಲ. 2 ಮಿ.ಮೀ. ಸ್ಪೇಸರ್ (ಟೈಲ್ಸ್ ನಡುವೆ ಇಡುವ ಪುಟ್ಟ ಪ್ಲಾಸ್ಟಿಕ್ ತುಂಡು) ಇಟ್ಟು, ಸಂದಿಯನ್ನು ಟೈಲ್ಸಿನ ಮಟ್ಟಕ್ಕೇ ಎಪಾಕ್ಸಿಯಲ್ಲಿ, ಅಂದರೆ ಗಟ್ಟಿಯಾಗುವ ರಾಳದ ಅಂಟಿನಲ್ಲಿ, ತುಂಬಿಸಿ. ಸಿಮೆಂಟ್ ತುಂಬಿದ ಸಂದಿ ತೇವ ಹೀರಿ ಕಪ್ಪಾಗುತ್ತದೆ, ಎಪಾಕ್ಸಿ ಆಗುವುದಿಲ್ಲ.

ಬಿದ್ದದ್ದನ್ನು ಹೆಕ್ಕಲು ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿಕೊಳ್ಳಿ. ಇಲ್ಲೊಂದು ತಕರಾರಿದೆ. ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣದ ಪಿನ್ನು ತುಕ್ಕು ಹಿಡಿಯುತ್ತದೆ ಅಂತ ಎಷ್ಟೋ ಜನ ಹಿತ್ತಾಳೆಯದ್ದು ತರುತ್ತಾರೆ, ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಥವರು ದೊಡ್ಡ ಬಣ್ಣದ ಮಣಿ ಇರುವ ಪಿನ್ನನ್ನೇ ತರಬೇಕು. ತುಕ್ಕಿನ ಕಲೆ ಟೈಲ್ಸ್ ಮೇಲೆ ಬಿದ್ದರೆ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಹೋಗುತ್ತದೆ. ಕಡಪ, ಶಹಾಬಾದ್, ಮಾರ್ಬಲ್ ಮೇಲೆ ಮಾತ್ರ ಹುಳಿ ಹಾಕಬೇಡಿ. ಅವೆಲ್ಲ ಸುಣ್ಣದ ಅಂಶದ ಕಲ್ಲುಗಳು, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ.

ಐದನೆಯದು: ಯಾವುದು ಹಾಕಿಸುವುದು?

ಮನೆಯಲ್ಲಿ ಹಳೇ ರೆಡ್ ಆಕ್ಸೈಡ್ ನೆಲ ಇದೆಯಾ? ಹಾಗಾದರೆ ದಯವಿಟ್ಟು ಅದನ್ನು ಒಡೆಸಬೇಡಿ. ಸಂದಿಯೇ ಇಲ್ಲದ, ಒಂದೇ ಬಣ್ಣದ, ತಿಕ್ಕಿ ತಿಕ್ಕಿ ಕನ್ನಡಿಯ ಹಾಗಾದ ನೆಲ, ಸೂಜಿ ಬಿದ್ದರೆ ದೂರದಿಂದಲೇ ಮಿಂಚುತ್ತದೆ. ಇದಕ್ಕಿಂತ ಒಳ್ಳೆಯ ಕೌದಿ ನೆಲ ನನಗಂತೂ ಗೊತ್ತಿಲ್ಲ. ನೋಡಬೇಕಾದದ್ದು ಎರಡು. ಬಿಳಿ ಬಟ್ಟೆ ಒದ್ದೆ ಮಾಡಿ ಜೋರಾಗಿ ಉಜ್ಜಿ, ಕೆಂಪು ಹತ್ತಿದರೆ ಬಟ್ಟೆ ಹರಡುವಾಗ ಕೆಳಗೊಂದು ಹಳೇ ಬೆಡ್‌ಶೀಟ್ ಕಡ್ಡಾಯ. ಇನ್ನೊಂದು, ಹೊಳಪಿಗೆ ಅಂತ ತೆಂಗಿನೆಣ್ಣೆ ಹಚ್ಚುವ ರೂಢಿ ಇದೆಯಲ್ಲ, ಆ ಕೋಣೆಯಲ್ಲಿ ಅದನ್ನು ಬಿಡಿ. ಬಟ್ಟೆಗೆ ಹತ್ತಿದ ಎಣ್ಣೆ ಕಲೆ ಇಸ್ತ್ರಿ ತಾಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಎಣ್ಣೆ, ಮೇಣದ ನೆಲಕ್ಕೆ ಮಾಸ್ಕಿಂಗ್ ಟೇಪ್ ಕೂಡ ಹಿಡಿಯುವುದಿಲ್ಲ. ಕೆಳಗಿನ ಬಟ್ಟೆಯ ಅಂಚಿಗೆ ಟೇಪ್ ಒತ್ತುತ್ತೀರಿ, ಎದುರಿನ ಬದಿಗೆ ಹೋಗಿ ಎಳೆಯುವಷ್ಟರಲ್ಲಿ ಈ ಕಡೆ ಮೂಲೆ ಸದ್ದಿಲ್ಲದೆ ಎದ್ದು ಸುರುಳಿಯಾಗಿರುತ್ತದೆ. ಅಲ್ಲಿ ಮಣೆ, ಒರಳಿನ ಗುಂಡುಕಲ್ಲು, ಅಕ್ಕಿ ತುಂಬಿದ ಚೀಲ, ಹೀಗೆ ಭಾರ ಇಟ್ಟೇ ಹರಡಬೇಕು. ಟೈಲ್ಸ್ ಮೇಲೆ ಟೇಪ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಮಳೆಗಾಲದಲ್ಲಿ ರಾತ್ರಿಯಿಡೀ ಬಿಟ್ಟರೆ ಅಂಟು ನೆಲದಲ್ಲೇ ಉಳಿಯುತ್ತದೆ, ಅವತ್ತೇ ತೆಗೆಯಿರಿ.

ಹೊಸದಾಗಿ ರೆಡ್ ಆಕ್ಸೈಡ್ ಮಾಡಿಸುವುದಾದರೆ ಆ ಕೆಲಸ ನಿಜವಾಗಿ ಬಲ್ಲ ಗಾರೆಯವರು ಸಿಕ್ಕಿದರೆ ಮಾತ್ರ. ಅವರು ಮೊದಲು ಮಾಡಿದ ಒಂದು ನೆಲ ಹೋಗಿ ನೋಡಿ ಬನ್ನಿ. ಬಿರುಕು ಬಿಟ್ಟರೆ ಅದನ್ನು ಬಣ್ಣ ಹೊಂದಿಸಿ ಮುಚ್ಚುವುದು ಸುಲಭವಲ್ಲ.

ಹೊಸ ಕೋಣೆಗೆ ಹೆಚ್ಚಿನವರಿಗೆ ನಾನು ಹೇಳುವುದು ಮ್ಯಾಟ್ ವಿಟ್ರಿಫೈಡ್ ಟೈಲ್ಸ್. ವಿಟ್ರಿಫೈಡ್ ಹೀರುವ ನೀರು ಅದರ ತೂಕದ 0.5 ಶೇಕಡಾಕ್ಕಿಂತ ಕಡಿಮೆ. ಸಾದಾ ಸಿರಾಮಿಕ್ ಅದಕ್ಕಿಂತ ಎಷ್ಟೋ ಜಾಸ್ತಿ ಹೀರುತ್ತದೆ. ಕೊರತೆ ಇಲ್ಲ ಅಂತಲ್ಲ. ಕತ್ತರಿ ತುದಿ ಕೆಳಗಾಗಿ ಬಿದ್ದರೆ ತುದಿ ಹೋಯಿತು, ಕೆಲವೊಮ್ಮೆ ಟೈಲ್ಸಿನ ಚಕ್ಕೆಯೂ ಏಳುತ್ತದೆ. ಗಂಟೆಗಟ್ಟಲೆ ನಿಂತು ಕತ್ತರಿಸಿದರೆ ಹಿಮ್ಮಡಿ ನೋವು. ಕತ್ತರಿಸುವ ಮೇಜಿನ ಮುಂದೆ ಒಂದು ದಪ್ಪ ಮ್ಯಾಟ್ ಹಾಕಿಕೊಂಡರೆ ಎರಡಕ್ಕೂ ಆಯಿತು.

ಹಳೇ ನೆಲ ಒಡೆಯುವ ಧೂಳು, ಗಲಾಟೆ ಬೇಡ ಅನ್ನುವವರಿಗೆ ಎಸ್‌ಪಿಸಿ ಹಲಗೆ ಇದೆ. ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು, ನೀರಿಗೆ ಉಬ್ಬುವುದಿಲ್ಲ, ಹಳೇ ಟೈಲ್ಸ್ ಮೇಲೇ ಕೂರಿಸಬಹುದು. ಕಾಲಿಗೆ ಟೈಲ್ಸಿನಷ್ಟು ತಣ್ಣಗಿಲ್ಲ, ಬೆವರುವುದೂ ಕಡಿಮೆ. ಗೋಡೆಯ ಸುತ್ತ ಸುಮಾರು 8 ಮಿ.ಮೀ. ಸಂದಿ ಬಿಟ್ಟು ಸ್ಕರ್ಟಿಂಗಿನಿಂದ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಮುಚ್ಚಬೇಕು, ಬಿಡದಿದ್ದರೆ ಬೇಸಿಗೆಯಲ್ಲಿ ಹಿಗ್ಗಿ ನಡುವೆ ಏಳುತ್ತದೆ. ಬಾಗಿಲಿನ ಅಡಿ ಸ್ವಲ್ಪ ಕೊರೆಸಬೇಕಾಗಬಹುದು. ಮರದ ಗೆರೆ ದಟ್ಟವಾಗಿರುವ ಬಣ್ಣ ಬೇಡ, ಸೂಜಿಯ ಮಾತು ನೆನಪಿರಲಿ. ಹಲಗೆಯ ಹೆಸರಲ್ಲಿ ಲ್ಯಾಮಿನೇಟ್ ತೋರಿಸಿದರೆ ಮಾತ್ರ ಎದ್ದು ಬನ್ನಿ. ಅದರ ಒಳಗಿರುವುದು ಒತ್ತಿದ ಮರದ ಪುಡಿ, ನಮ್ಮ ಮಳೆಗಾಲ ಅದಕ್ಕೆ ಆಗಿಬರುವುದಿಲ್ಲ, ವರಲೆಗೆ, ಅಂದರೆ ಗೆದ್ದಲಿಗೆ, ಮಾತ್ರ ಹಬ್ಬ.

ವಿನೈಲ್ ಶೀಟ್ ಅಗ್ಗ. ಬಾಡಿಗೆ ಮನೆಗೆ ಪರವಾಗಿಲ್ಲ. ಆದರೆ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಒಮ್ಮೆ ಮಗುಚಿದರೂ ಸುಟ್ಟ ಗುರುತು ಹೋಗುವುದಿಲ್ಲ, ಮಿಷನ್ನಿನ ಪಾದ ಕುಳಿ ಮಾಡುತ್ತದೆ, ರಬ್ಬರ್ ತಳದ ಮ್ಯಾಟ್ ಹಾಸಿದಲ್ಲಿ ಹಳದಿ ಕಲೆ ಬೀಳುತ್ತದೆ. ನೆಲದಿಂದ ತೇವ ಬರುವ ಕೋಣೆಗಂತೂ ಬೇಡವೇ ಬೇಡ. ಕಾರ್ಪೆಟ್ ಬಗ್ಗೆ ಕೇಳಲೇಬೇಡಿ.

ಶಿರಸಿ, ಸಿದ್ದಾಪುರ ಕಡೆಯ ಹಳೇ ಮನೆಗಳಲ್ಲಿ ಮೆತ್ತಿಯನ್ನೇ, ಅಂದರೆ ಮರದ ಹಲಗೆಯ ಮಹಡಿಯನ್ನೇ, ಹೊಲಿಗೆ ಕೋಣೆ ಮಾಡಿಕೊಂಡವರಿದ್ದಾರೆ. ಮರದ ಹಲಗೆ ಬೆಚ್ಚಗೆ, ಒಣ, ಕಾಲಿಗೆ ಹಿತ. ಮಿಷನ್ ಮಾತ್ರ ನಡುವೆ ಇಡಬೇಡಿ, ಇಡೀ ಮೆತ್ತಿ ನಡುಗುತ್ತದೆ. ಗೋಡೆಯ ಹತ್ತಿರ, ಕೆಳಗೆ ತೊಲೆ ಹಾಯ್ದಿರುವ ಕಡೆ ಇಟ್ಟು ಪಾದದ ಅಡಿ ರಬ್ಬರ್ ತುಂಡು ಕೊಡಿ. ಹಲಗೆ ಸಂದಿ ತುಂಬಿಸದೆ ಪಿನ್ನು ಬಿಚ್ಚಲೇಬೇಡಿ. ಕೆಳಗೆ ಅಡುಗೆಮನೆ ಇದ್ದರೆ ಮೇಲಿಂದ ಬಿದ್ದ ಸೂಜಿ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಿಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬೇಸಿಗೆಯಲ್ಲಿ ತುಂಬಿಸಿ, ಹಲಗೆ ಒಣಗಿ ಕುಗ್ಗಿದಾಗ ಸಂದಿ ಪೂರ್ತಿ ಕಾಣುತ್ತದೆ. ತೀರಾ ಗಟ್ಟಿಯಾಗಿ ಒತ್ತಬೇಡಿ, ಮಳೆಗಾಲದಲ್ಲಿ ಹಲಗೆ ಹಿಗ್ಗಲು ಜಾಗ ಬೇಕು.

ಮೇಲೆ ಹಾಸಲು ಮಕ್ಕಳ ಆಟಕ್ಕೆ ಸಿಗುವ ಫೋಮ್ ಚೌಕಗಳು ಚೆನ್ನಾಗಿವೆ. ಎರಡಡಿ ಚೌಕ, ಒಂದಕ್ಕೊಂದು ಹಲ್ಲು ಕೂರುತ್ತದೆ, ಮಂಡಿಯೂರಿ ಪಿನ್ನು ಹಾಕುವಾಗ ಮಂಡಿಗೆ ಹಿತ, ಕೌದಿಯನ್ನು ಒದ್ದೆ ಮಾಡಿ ಅಳತೆಗೆ ಎಳೆದು ಪಿನ್ನನ್ನು ಅದಕ್ಕೇ ಚುಚ್ಚಿ ಒಣಗಿಸಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿ. ಅದರ ಮೇಲೆ ಇಸ್ತ್ರಿ ಬೇಡ, ಕರಗುತ್ತದೆ.

ಆರನೆಯದು: ಕರೆಂಟು

ನೆಲದ ವಿಷಯದಲ್ಲಿ ಕರೆಂಟು ಯಾಕೆ ಅಂತೀರಾ? ಒದ್ದೆ ಟೈಲ್ಸ್, ಬರಿಗಾಲು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಅಷ್ಟೇ. ಕೋಣೆಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಇದೆಯಾ ಎಲೆಕ್ಟ್ರಿಷಿಯನ್ನನ್ನು ಕೇಳಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇಸ್ತ್ರಿ ಮಾಡುವ ಜಾಗದಲ್ಲಿ ನಿಲ್ಲಲು, ಕೂರಲು ಒಣ ರಬ್ಬರ್ ಮ್ಯಾಟ್ ಇರಲಿ. ವಯರ್ ನೆಲದ ಮೇಲೆ ಹಾಯಿಸಬೇಡಿ, ನೆಲ ಹಾಕಿಸುವ ಮೊದಲೇ ಮಿಷನ್ ಎಲ್ಲಿ ಬರುತ್ತದೆ ನಿರ್ಧಾರ ಮಾಡಿ ಅಲ್ಲೇ ಗೋಡೆಗೆ ಪ್ಲಗ್ ಕೊಡಿಸಿ.

ಕೊನೆಗೆ: ತರುವುದು, ಹಾಕಿಸುವುದು

ಎರಡಡಿ ಟೈಲ್ಸ್ ನಾಲ್ಕು ಇರುವ ಪೆಟ್ಟಿಗೆ 15.5 ಚದರ ಅಡಿ ಮುಚ್ಚುತ್ತದೆ, 16 ಅಲ್ಲ. 120 ಚದರ ಅಡಿಯ ಕೋಣೆಗೆ ಎಂಟು ಪೆಟ್ಟಿಗೆ, ಕತ್ತರಿಸುವಾಗ ಹೋಗುವುದಕ್ಕೆ ಇನ್ನೊಂದು, ಒಟ್ಟು ಒಂಬತ್ತು. ಎಲ್ಲ ಪೆಟ್ಟಿಗೆಗಳ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯಾ ಗಾಡಿಗೆ ಹೇರುವ ಮೊದಲೇ ನೋಡಿ. ಮನೆಗೆ ಬಂದ ಮೇಲೆ ನೋಡಿದರೆ ವಾಪಸ್ ಕಳಿಸುವ ರಗಳೆ. ಉಳಿದ ಟೈಲ್ಸ್ ಎಸೆಯಬೇಡಿ, ಮುಂದೆ ಒಂದು ಒಡೆದರೆ ಅದೇ ಬಣ್ಣ ಸಿಗುವುದಿಲ್ಲ.

ಕೆಲಸ ದೀಪಾವಳಿ ಮುಗಿದ ಮೇಲೆ ಹಿಡಿಯಿರಿ, ಏಪ್ರಿಲ್ ಒಳಗೆ ಮುಗಿಸಿ. ಮೇ ತಿಂಗಳಲ್ಲಿ ಎಲ್ಲರಿಗೂ ಮಳೆಗೆ ಮೊದಲು ಮುಗಿಸುವ ಅವಸರ, ಮೇಸ್ತ್ರಿ ಕೈಗೆ ಸಿಗುವುದಿಲ್ಲ, ಸಿಕ್ಕಿದರೂ ಓಡಿಸಿಕೊಂಡು ಮಾಡುತ್ತಾರೆ. ಗೋಡೆಯ ಬುಡಕ್ಕೆ ನಾಲ್ಕು ಇಂಚಿನ ಸ್ಕರ್ಟಿಂಗ್ ಹಾಕಿಸಿ, ನೆಲಕ್ಕೂ ಅದಕ್ಕೂ ನಡುವಿನ ಸಂದಿಯನ್ನೂ ತುಂಬಿಸಿ, ಹತ್ತಿಯ ನವಿರೆಲ್ಲ ಹೋಗಿ ಸೇರುವುದು ಅಲ್ಲೇ. ಬಾಗಿಲಲ್ಲಿ ಒರಟು ಕಾಲೊರಸು ಇರಲಿ, ಸಮುದ್ರದ ಬದಿಯ ಮನೆಗಳಲ್ಲಿ ಕಾಲಿಗಂಟಿ ಬರುವ ಮರಳು ನೆಲವನ್ನೂ ಗೀರುತ್ತದೆ, ಬಟ್ಟೆಯನ್ನೂ ಸೇರುತ್ತದೆ. ಕೆಲಸ ಮುಗಿದ ಮೇಲೆ ನೆಲದ ಮೇಲೆ ತೆಳ್ಳಗೆ ಬೂದಿಯಂಥ ಪುಡಿ ಉಳಿದಿರುತ್ತದೆ. ಬಿಳಿ ಬಟ್ಟೆ ಒದ್ದೆ ಮಾಡಿ ಒರೆಸುತ್ತ ಹೋಗಿ, ಬಟ್ಟೆ ಬಿಳಿಯಾಗಿಯೇ ಬರುವವರೆಗೆ. ಆಮೇಲೆ ಹರಡಿ ನಿಮ್ಮ ಕೌದಿ.